ಜಿಹ್ವೆಯ ರಕ್ತಕ್ಷೀಣತೆ

ಸುಶ್ರುತಸಂಹಿತೆಯು ಜಿಹ್ವಾರೋಗಗಳನ್ನು ಐದೆಂದು ಎಣಿಸಿದೆ: ವಾತ, ಪಿತ್ತ, ಕಫಗಳಿಂದಾಗುವ ಮೂರು ಕಂಟಕಗಳು, ಅಲಾಸ ಮತ್ತು ಉಪಜಿಹ್ವಿಕೆ. ಇಲ್ಲಿ ವಿವರಿಸತಕ್ಕ ವ್ಯಾಧಿಯು ಇವುಗಳಿಂದ ಭಿನ್ನವಾದುದು. ಪಾಂಡುರೋಗದಲ್ಲಿಯೂ ನಾಲಗೆಯು ಬಿಳುಪೇರುವುದುಂಟು. ಆದರೆ ಅಲ್ಲಿ ದೋಷವಿರುವುದು ರಕ್ತದಲ್ಲಿ, ಇಲ್ಲಿ ರಕ್ತವು ಹರಿಯುವ ಮಾರ್ಗದಲ್ಲಿ.

ನಾಲಗೆಗೆ ರಕ್ತವನ್ನೊದಗಿಸುವವು ಮುಖ್ಯವಾಗಿ ಎಡಬಲಗಳ ಎರಡು ಜಿಹ್ವಾಧಮನಿಗಳು. ಇವು ಹೊರ ಕಂಠಧಮನಿಯಿಂದ ಕವಲೊಡೆದು ಬರುತ್ತವೆ. ನೆರೆಯ ಧಮನಿಗಳ ಶಾಖೆಗಳೂ ಇವುಗಳೊಡನೆ ಕೂಡಿಕೊಳ್ಳುವುದರಿಂದ, ಒಂದು ದಾರಿಯು ಮುಚ್ಚಿದರೂ ಮತ್ತೊಂದರಿಂದ ರಕ್ತವು ಬರುವುದು. ಆದುದರಿಂದ ಈ ವ್ಯಾಧಿಯು ಬಹು ವಿರಳ.

ಇದರ ಕಾರಣಗಳಲ್ಲಿ ಪ್ರಧಾನವಾದುದು ‘ಜೈಂಟ್ ಸೆಲ್ ಆರ್ಟರೈಟಿಸ್’ ಎಂಬ ಧಮನೀಶೋಥ. ಐವತ್ತು ವಯಸ್ಸು ಮೀರಿದವರಲ್ಲಿ ಧಮನಿಯ ಗೋಡೆಯು ಊದಿಕೊಂಡು ಒಳದಾರಿಯು ಕಿರಿದಾಗುವುದೇ ಇದರ ಸ್ವರೂಪ. ಧಮನೀಕಾಠಿನ್ಯ, ಕೊರಳಿಗೆ ಮಾಡಿದ ಕಿರಣಚಿಕಿತ್ಸೆ, ರಕ್ತನಾಳಗಳನ್ನು ಸಂಕೋಚಗೊಳಿಸುವ ಔಷಧಗಳು ಇವೂ ಕೆಲವೆಡೆ ಕಾರಣಗಳಾಗುತ್ತವೆ. 1890ರಲ್ಲಿ ಆಂಗ್ಲವೈದ್ಯ ಜೊನಾಥನ್ ಹಚಿನ್ಸನ್ ಎಂಬವರು, ಕಣತಲೆಯ ಧಮನಿಗಳು ನೋಯುತ್ತಿದ್ದುದರಿಂದ ಟೋಪಿಯನ್ನು ಧರಿಸಲಾರದಿದ್ದ ವೃದ್ಧನೊಬ್ಬನನ್ನು ವರ್ಣಿಸಿದರು. 1932ರಲ್ಲಿ ಅಮೆರಿಕದ ಹಾರ್ಟನ್ ಮತ್ತು ಅವರ ಸಹೋದ್ಯೋಗಿಗಳು ಈ ರೋಗವನ್ನು ವಿಶದಪಡಿಸಿದರು.

ಊಟಮಾಡುವಾಗಲೂ ಮಾತನಾಡುವಾಗಲೂ ನಾಲಗೆಯು ನೊಂದು, ವಿಶ್ರಾಂತಿಯಿಂದ ಶಮನವಾಗುವುದು ಮೊದಲ ಲಕ್ಷಣ. ಬಳಿಕ ಅದು ಬಿಳುಪೇರಿ ಅಥವಾ ನೀಲಿಗಟ್ಟಿ, ಕಡೆಗೆ ಕಪ್ಪಾಗಿ ಒಂದು ಭಾಗವು ಸತ್ತುಹೋಗಬಹುದು. ಇದರೊಡನೆ ಹೊಸದಾಗಿ ತಲೆನೋವು, ಅಗಿಯುವಾಗ ದವಡೆಯ ನೋವು, ದೃಷ್ಟಿಯ ಮಂಕು ಇವು ತೋರಿದರೆ ಅಪಾಯವು ನಾಲಗೆಗೆ ಮಾತ್ರವಲ್ಲ, ಕಣ್ಣಿಗೂ ಉಂಟು. ಹೀಗೆ ಹೋದ ದೃಷ್ಟಿಯು ಮರಳುವುದು ದುರ್ಲಭ.

ನಿದಾನಕ್ಕೆ ಇ.ಎಸ್.ಆರ್. ಮುಂತಾದ ರಕ್ತಪರೀಕ್ಷೆಗಳೂ, ಕಣತಲೆಯ ಧಮನಿಯ ಅಲ್ಟ್ರಾಸೌಂಡ್ ಪರೀಕ್ಷೆಯೂ, ಅದೇ ಧಮನಿಯ ತುಣುಕೊಂದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದೂ ಸಾಧನಗಳು. ಆದರೆ ಸಂಶಯವು ಬಲವಾಗಿದ್ದಲ್ಲಿ ಇವುಗಳ ಫಲಕ್ಕಾಗಿ ಕಾಯತಕ್ಕದ್ದಲ್ಲ. ವೈದ್ಯರು ಪ್ರೆಡ್ನಿಸೋಲೋನ್ ಮೊದಲಾದ ಸ್ಟೆರಾಯ್ಡ್ ಔಷಧವನ್ನು ಒಡನೆಯೇ ಆರಂಭಿಸುತ್ತಾರೆ. ಸಾಮಾನ್ಯವಾಗಿ ದಿನಕ್ಕೆ 40ರಿಂದ 60 ಮಿಲಿಗ್ರಾಂ. ಅನಂತರ ಪ್ರಮಾಣವನ್ನು ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಇಳಿಸುವರು. ರೋಗಿಯು ತಾನಾಗಿಯೇ ಔಷಧವನ್ನು ಥಟ್ಟನೆ ನಿಲ್ಲಿಸುವುದು ಅನರ್ಥಕರ. ಸತ್ತ ಭಾಗವನ್ನು ಕೆಲವೊಮ್ಮೆ ಶಸ್ತ್ರದಿಂದ ತೆಗೆಯಬೇಕಾಗುವುದು.

ವೃದ್ಧರು “ಉಣ್ಣುವಾಗ ನಾಲಗೆ ನೋಯುತ್ತದೆ” ಎಂದಾಗ ಅದನ್ನು ಬಾಯಿಹುಣ್ಣೆಂದೋ ಮುಪ್ಪಿನ ಬಾಧೆಯೆಂದೋ ಉಪೇಕ್ಷಿಸಲಾಗದು. ಆ ಮಾತನ್ನು ಸಕಾಲದಲ್ಲಿ ಲಕ್ಷಿಸಿದರೆ ನಾಲಗೆಯೂ ಉಳಿಯಬಹುದು, ಕಣ್ಣೂ ಉಳಿಯಬಹುದು.