ನವ್ಯಕಲೆಯಲ್ಲಿ ನಗೆ

ನವ್ಯಕಲೆಯೆಂದೊಡನೆ ನಮ್ಮಲ್ಲಿ ಹಲವರು ಮೂಗು ಮುರಿಯುತ್ತಾರೆ. ‘ಇದಕ್ಕೆ ಅರ್ಥವೇನು?’ ಎಂಬುದೇ ಅವರ ಮೊದಲ ಆಕ್ಷೇಪ. ಆದರೆ ಉಡುಪಿಯ ಅಷ್ಟಮಿಯಲ್ಲಿ ಮೈಗೆಲ್ಲ ಬಣ್ಣ ಬಳಿದ ಹುಲಿವೇಷ ತಾಸೆಯ ಪೆಟ್ಟಿಗೆ ಕುಣಿದು, ಅಕ್ಕಿಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಂದಕ್ಕೆಸೆದಾಗ, ಯಾವ ಕಾಡಿನ ಹುಲಿ ಹೀಗೆ ಮಾಡೀತೆಂದು ನಾವು ಕೇಳುವುದಿಲ್ಲ. ಅಲ್ಲಿ ಅಸಂಬದ್ಧತೆಯೇ ಸೊಗಸು.

ಯಕ್ಷಗಾನದ ಹಾಸ್ಯಗಾರನನ್ನೇ ನೋಡಿ. ಪುರಾಣದ ಅರಸನೆದುರು ಅವನು ಇಂದಿನ ಮಾತನ್ನಾಡುತ್ತಾನೆ. ಕಾಲ ತಪ್ಪಿದ ಆ ಮಾತಿಗೆ ನಾವು ನಗುತ್ತೇವೆ. ನಗುತ್ತಲೇ ಅರಸನ ದರ್ಪದ ಟೊಳ್ಳನ್ನು ಕಾಣುತ್ತೇವೆ.

1917ರಲ್ಲಿ ಮಾರ್ಸೆಲ್ ದ್ಯೂಶಾಂ ಮಾಡಿದ್ದೂ ಇಂತಹದೇ ವಿನೋದ. ಮೂತ್ರಾಲಯದ ಪಿಂಗಾಣಿ ಬೋಗುಣಿಯೊಂದಕ್ಕೆ ‘ಕಾರಂಜಿ’ ಎಂದು ಹೆಸರಿಟ್ಟು, ಬೇರೊಬ್ಬನ ಹೆಸರಿನ ರುಜು ಹಾಕಿ, ನ್ಯೂಯಾರ್ಕಿನ ಕಲಾಪ್ರದರ್ಶನಕ್ಕೆ ಕಳುಹಿಸಿದನು. ಶುಲ್ಕ ತೆತ್ತವರ ಕೃತಿಗಳನ್ನೆಲ್ಲ ಇಡುವೆವೆಂದಿದ್ದ ಸಂಘ ಅದನ್ನು ಮಾತ್ರ ಪ್ರದರ್ಶಿಸಲಿಲ್ಲ. ಸ್ಥಳ ತಪ್ಪಿದ ಒಂದು ವಸ್ತುವಿನಿಂದ ಸಂಘದ ಔದಾರ್ಯವೆಷ್ಟೆಂಬುದು ಬಯಲಾಯಿತು.

ವಿಚಿತ್ರವಾದುದೆಲ್ಲ ಕಲೆಯೆಂಬುದು ನನ್ನ ವಾದವಲ್ಲ. ನಕ್ಕು ಮುಗಿದ ಮೇಲೂ ಮನಸ್ಸಿನಲ್ಲೊಂದು ಪ್ರಶ್ನೆ ಉಳಿದರೆ ಅದು ಕಲೆ. ಉಳಿಯದಿದ್ದರೆ ಬರಿಯ ಚೇಷ್ಟೆ. ಆದುದರಿಂದ ಮಿತ್ರರೇ, ಚಿತ್ರದೆದುರು ನಗು ಬಂದರೆ ಧಾರಾಳವಾಗಿ ನಗೋಣ; ನಕ್ಕೊಡನೆ ಬೆನ್ನು ತಿರುಗಿಸದಿರೋಣ.