ಜೋಕು ಖಾಲಿಯಾದ ಮೇಲೆ ಹುಟ್ಟಿದ ನಗು

ಥಾಣೆ, ಡೊಂಬಿವಲಿ, ವಾಶಿ ಕಡೆಯ ಉದ್ಯಾನಗಳಲ್ಲಿ ಬೆಳಗ್ಗೆ ಹಿರಿಯರು ಕೈ ಮೇಲೆತ್ತಿ ‘ಹೋ ಹೋ, ಹಾ ಹಾ ಹಾ’ ಅನ್ನೋದು ಕೇಳಿದ್ದೀರಾ? ಅದರ ಹುಟ್ಟೂರು ಇಲ್ಲೇ, ಮುಂಬೈಯ ಅಂಧೇರಿ.

1995ರ ಮಾರ್ಚ್ 13. ಲೋಖಂಡ್‌ವಾಲಾದ ಪಾರ್ಕಿನಲ್ಲಿ ಡಾ. ಮದನ್ ಕಟಾರಿಯಾ ನಗೆಕೂಟ ಶುರುಮಾಡಿದರು. ಇದ್ದದ್ದು ಐದೇ ಜನ. ಮೊದಮೊದಲು ಜೋಕು ಹೇಳಿ ನಗೋದು. ಎರಡು ವಾರದಲ್ಲಿ ಒಳ್ಳೇ ಜೋಕೆಲ್ಲ ಖಾಲಿ. ಉಳಿದದ್ದು ಯಾರಿಗಾದರೂ ಚುಚ್ಚುವಂಥವು. ಸರಿ, ಜೋಕನ್ನೇ ಕೈಬಿಟ್ಟರು. ಸುಮ್ಮನೆ ನಗೋಣ ಅಂದರು. ಒಬ್ಬರ ಮುಖ ಒಬ್ಬರು ನೋಡ್ತಾ, ಬರೀ ತೋರಿಕೆಯ ನಗು ನಿಜವೇ ಆಗಿಬಿಡ್ತು!

ನಗು ಮೈಗೆ ಏನು ಮಾಡುತ್ತೆ ಅಂತ 2011ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕ ರಾಬಿನ್ ಡನ್‌ಬಾರ್ ತಂಡ ಕಂಡದ್ದೇನು ಗೊತ್ತಾ? ಹೊಟ್ಟೆತುಂಬ ನಕ್ಕವರು ತೋಳಿಗೆ ಸುತ್ತಿದ ಕೊರೆಯುವ ತಣ್ಣನೆ ಪಟ್ಟಿಯನ್ನು ಹೆಚ್ಚು ಹೊತ್ತು ತಡೆದುಕೊಂಡರು. ನೋವು ತಗ್ಗಿಸುವ ಮಿದುಳಿನ ರಾಸಾಯನಿಕ ಎಂಡಾರ್ಫಿನ್ ಕೆಲಸ ಇರಬೇಕು ಅಂತ ಅವರ ಅಂದಾಜು.

ಡೊಂಬಿವಲಿ ಫಾಸ್ಟ್ ಲೋಕಲ್‌ನಲ್ಲಿ ನಾಲ್ಕನೇ ಸೀಟಿಗೆ ಅರ್ಧ ಒರಗಿ, ದಾದರ್ ಬರೋತನಕ ಒಬ್ಬರ ಕಾಲು ಒಬ್ಬರು ಎಳೆಯೋ ರೈಲು ಗೆಳೆಯರಿದ್ದಾರಲ್ಲ, ಅದೂ ನಗೆಕೂಟವೇ. ಆ ಹೆಸರಿಲ್ಲ, ಅಷ್ಟೇ.

ಹಾಗಂತ ಖಿನ್ನತೆಗೆ ನಗುವೊಂದೇ ಮದ್ದಲ್ಲ. ವಾರಗಟ್ಟಲೆ ಮನಸ್ಸು ಕುಗ್ಗಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೂ ಮಾತಾಡಬಹುದು.