ಬೆಳಗಿನ ಕೊಲ್ಲಿಗೆ ಬರುವವರು

1942. ಎರಡನೆಯ ಮಹಾಯುದ್ಧ ಕಾವೇರಿದ್ದ ವರ್ಷ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋ ಕರಾವಳಿಯಾಚೆ ಕೆಲವು ವಿಜ್ಞಾನಿಗಳು ಜಲಾಂತರ್ಗಾಮಿಗಳನ್ನು ಪತ್ತೆ ಹಚ್ಚುವ ಸೋನಾರ್ ಕೆಲಸದಲ್ಲಿ ಮುಳುಗಿದ್ದರು. ನೀರಿಗೆ ಬಿಟ್ಟ ಶಬ್ದ ತಳಕ್ಕೆ ಬಡಿದು ಮರಳಬೇಕು. ಮರಳಲು ಹಿಡಿದ ಹೊತ್ತಿನಿಂದ ಆಳ ತಿಳಿಯಬೇಕು. ಆದರೆ ತಳ ಇನ್ನೂ ಎಷ್ಟೋ ಕೆಳಗಿದೆಯೆಂದು ಗೊತ್ತಿದ್ದ ಜಾಗದಲ್ಲೂ ಶಬ್ದ ನಡುನೀರಿನಲ್ಲೇ ಯಾವುದಕ್ಕೋ ತಾಗಿ ಹಿಂತಿರುಗಿತು. ಸಾಗರದೊಳಗೆ ಇನ್ನೊಂದು ಸುಳ್ಳು ತಳ ಹಾಸಿಕೊಂಡಿತ್ತು.

ಅದೇನೆಂದು ಹೊಳೆದದ್ದು ಮಾರ್ಟಿನ್ ಜಾನ್ಸನ್ ಎಂಬ ಜೀವವಿಜ್ಞಾನಿಗೆ. ಅದು ಜೀವಿಗಳ ಗುಂಪೇ ಆಗಿದ್ದರೆ ಹಗಲಿಗೂ ಇರುಳಿಗೂ ಒಂದೇ ಕಡೆ ಇರಲಾರದು ಎಂದು ಅವರು ವಾದಿಸಿದರು. 1945ರಲ್ಲಿ ಹಡಗಿನ ಮೇಲೆ ಹಗಲಿರುಳು ಕಾದು ನೋಡಿದರು. ಸೂರ್ಯ ಮುಳುಗುತ್ತಿದ್ದಂತೆ ಆ ತಳ ಮೇಲೇರತೊಡಗಿತು. ಬೆಳಗಾಗುವಾಗ ಮತ್ತೆ ಕತ್ತಲಿನ ಆಳಕ್ಕೆ ಇಳಿಯಿತು. ಲೆಕ್ಕವಿಲ್ಲದಷ್ಟು ಸಣ್ಣ ಮೀನು, ಸೀಗಡಿ, ಬೊಂಡಾಸ್‌ಗಳ ದಂಡು ಅದು. ಯುದ್ಧ ಮುಗಿಯಿತು, ಸಂಗತಿ ಸಮುದ್ರಶಾಸ್ತ್ರದ ಪುಸ್ತಕಗಳನ್ನು ಸೇರಿತು. ಹವಾಯಿಯ ಕಡಲಿನಲ್ಲಿ ಡಾಲ್ಫಿನ್‌ಗಳ ಜೊತೆ ಈಜುವವರಿಗೂ ಇದಕ್ಕೂ ನಂಟಿದೆಯೆಂದು ಯಾರಾದರೂ ಊಹಿಸುವುದಾದರೂ ಹೇಗೆ?

ಹವಾಯಿಯ ದೊಡ್ಡ ದ್ವೀಪದ ಪಶ್ಚಿಮಕ್ಕೆ ಕೆಯಾಲಕೆಕುವಾ ಎಂಬ ಕೊಲ್ಲಿಯಿದೆ. ಕ್ಯಾಪ್ಟನ್ ಜೇಮ್ಸ್ ಕುಕ್ 1779ರ ಫೆಬ್ರವರಿಯಲ್ಲಿ ಪ್ರಾಣ ಬಿಟ್ಟದ್ದು ಇದೇ ದಡದಲ್ಲಿ. ಕೊಲ್ಲಿಯ ಬೆನ್ನಿಗೆ ಕಡಿದಾದ ಬಂಡೆಗೋಡೆ, ಮುಂದೆ ತಿಳಿನೀರು, ನೀರಿನಡಿ ಅಲ್ಲಲ್ಲಿ ಬಿಳಿಮರಳು. ಬೆಳಗಾಗುತ್ತಿದ್ದಂತೆ ಸ್ಪಿನ್ನರ್ ಡಾಲ್ಫಿನ್‌ಗಳ ಹಿಂಡು ಅಲ್ಲಿಗೆ ಬರುತ್ತಿತ್ತು. ಲಕ್ಷದ್ವೀಪದ ಸುತ್ತ ನಮ್ಮವರೂ ನೋಡಿರುವ ಜಾತಿ ಇದು: ತೆಳುಮೈ, ಉದ್ದ ಮೂತಿ. ನೀರಿನಿಂದ ಚಿಮ್ಮಿ, ನಿಲುವಾಗಿ ಗಿರಗಿರನೆ ಹಲವು ಸುತ್ತು ತಿರುಗಿ, ದೊಪ್ಪನೆ ಬೀಳುವುದು ಇದರ ವೈಖರಿ. ದಡಕ್ಕೆ ಇಷ್ಟು ಹತ್ತಿರ ಬಂದು ಹೀಗೆ ಕುಣಿಯುವ ಪ್ರಾಣಿ ಮನುಷ್ಯರ ಗೆಳೆತನಕ್ಕೇ ಬರುತ್ತಿರಬೇಕೆಂದು ನೋಡಿದವರು ನಂಬಿದ್ದು ಸಹಜವಾಗಿತ್ತು. ಆ ನಂಬಿಕೆಯನ್ನು ಕದಲಿಸಲು ನಾಲ್ಕು ದಶಕಗಳೇ ಬೇಕಾದವು.

ಡಾಲ್ಫಿನ್‌ಗಳು ಬರುವುದೇಕೆಂಬ ಗಂಟು ಬಿಚ್ಚಲು ಹೊರಟ ಜೀವವಿಜ್ಞಾನಿ ಕೆನ್ ನಾರಿಸ್ ಕಡಲಿನ ಪ್ರಾಣಿಗಳನ್ನೇ ನಂಬಿ ಬೆಳೆದವರಲ್ಲ. ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಹಲ್ಲಿಗಳ ಹಿಂದೆ ಅಲೆದವರು. 1950ರ ದಶಕದಲ್ಲಿ ಮರೀನ್‌ಲ್ಯಾಂಡ್ ಎಂಬ ಸಾಗರ ಪ್ರದರ್ಶನಾಲಯದ ಕ್ಯುರೇಟರ್ ಕೆಲಸ ಸಿಕ್ಕಿತು, ಹಲ್ಲಿಗಳ ಜಾಗಕ್ಕೆ ಡಾಲ್ಫಿನ್‌ಗಳು ಬಂದವು. ಡಾಲ್ಫಿನ್ ಕಣ್ಣಿಲ್ಲದೆಯೂ ದಾರಿ ಕಾಣುತ್ತದೆಂಬ ಗುಮಾನಿ ಆಗ ವಿಜ್ಞಾನಿಗಳಲ್ಲಿತ್ತು. ರುಜುವಾತು ಮಾಡುವುದಾದರೆ ಕಣ್ಣು ಮುಚ್ಚಬೇಕು. ನೀರಿನಲ್ಲಿ ಬಾಣದಂತೆ ನುಗ್ಗುವ ನುಣುಪು ಮೈಗೆ ಪಟ್ಟಿ ಕಟ್ಟುವುದು ಎಲ್ಲಿ? ಕೊನೆಗೆ ಅವರ ಕೈಹಿಡಿದದ್ದು ಮೆತ್ತನೆಯ ರಬ್ಬರಿನ ಬಟ್ಟಲುಗಳು. ಕ್ಯಾಥಿ ಎಂಬ ಹೆಣ್ಣು ಡಾಲ್ಫಿನ್ ಅವನ್ನು ಕಣ್ಣಿನ ಮೇಲೆ ಅಂಟಿಸಿಕೊಳ್ಳಲು ಕಲಿತಿತು. ಆಮೇಲೆ ಕೊಳದಲ್ಲಿ ನೆಟ್ಟಿದ್ದ ಕಂಬಗಳ ನಡುವೆ ಒಂದಕ್ಕೂ ತಗಲದೆ ನುಸುಳಿತು. ಕಟಕಟ ಶಬ್ದ ಹೊರಡಿಸಿ, ಅದರ ಮಾರ್ದನಿ ಆಲಿಸಿ ಅದು ಜಗತ್ತನ್ನು ತಿಳಿಯುತ್ತಿತ್ತು. ಡಾಲ್ಫಿನ್‌ಗೆ ಕಿವಿಯೇ ಕಣ್ಣು ಎಂಬುದನ್ನು ಅನುಮಾನಕ್ಕೆಡೆಯಿಲ್ಲದಂತೆ ತೋರಿಸಿದ ಈ ಪ್ರಯೋಗ ನಾರಿಸ್‌ಗೆ ಹೆಸರು ತಂದಿತು.

ಆದರೆ ಕೊಳದ ಡಾಲ್ಫಿನ್ ಹೇಳುವುದು ಕೊಳದ ಕತೆಯನ್ನಷ್ಟೇ. 1960ರ ದಶಕದಲ್ಲಿ ಸೀ ಲೈಫ್ ಪಾರ್ಕ್ ಎಂಬ ಇನ್ನೊಂದು ಸಾಗರ ಪ್ರದರ್ಶನಾಲಯ ಕಟ್ಟುವ ಕೆಲಸಕ್ಕೆ ಹವಾಯಿಗೆ ಬಂದ ನಾರಿಸ್‌ಗೆ ಕಾಡು ಡಾಲ್ಫಿನ್‌ಗಳ ದಿನಚರಿ ತಿಳಿಯುವ ಹಂಬಲ ಹತ್ತಿತು. ಮೊದಲ ಪಾಠ ಸೋಲಿನದು. ದೋಣಿಯಿಂದ ಕಾಣುವುದು ಬೆನ್ನ ರೆಕ್ಕೆ ಮಾತ್ರ. ಉಸಿರಿಗೆ ಮೇಲೆ ಬಂದು, ಮರುಕ್ಷಣ ಮಾಯ. ಮುಖವಾಡ ತೊಟ್ಟು ನೀರಿಗಿಳಿದರೆ ಒಂದೆರಡು ಬಾರಿ ಕಂಡು ನೀಲಿಯಲ್ಲಿ ಕರಗಿ ಹೋಗುವ ಪ್ರಾಣಿಯನ್ನು ಕೈಕಾಲು ಬಡಿದು ಹಿಂಬಾಲಿಸುವುದು ಮನುಷ್ಯನಿಂದಾಗದ ಮಾತು. ಡಾಲ್ಫಿನ್ ಬದುಕುವುದು ನೀರಿನಡಿ, ನೋಡುವವರು ಕೂತಿರುವುದು ಮೇಲೆ. ಈ ಅಂತರವನ್ನೇ ತೆಗೆದುಹಾಕಬೇಕಿತ್ತು.

ನಾರಿಸ್ ಮತ್ತು ಅವರ ಸಹೋದ್ಯೋಗಿ ಥಾಮಸ್ ಡೋಲ್ ಒಂದು ವಿಚಿತ್ರ ತೇಲುಯಂತ್ರ ಬಳಸಿದರು. ಅದರ ಅಡಿಯಲ್ಲಿ ನೀರೊಳಕ್ಕೆ ಇಳಿಬಿಟ್ಟ ಇಕ್ಕಟ್ಟಾದ ಕೋಣೆ, ಕೋಣೆಗೆ ಕಿಟಕಿ. ಒಬ್ಬರು ಒಳಗಿಳಿದು ಕೂತು, ಅಲೆಯ ಜೊತೆ ಓಲಾಡುತ್ತ, ಕಣ್ಣು ಕೀಲಿಸಿ ನೋಡಬೇಕು. ತೂಗಾಟಕ್ಕೆ ಹೊಟ್ಟೆ ತೊಳಸಿ ವಾಂತಿಯಾಗದೆ ಹೊರಬಂದವರು ಪುಣ್ಯವಂತರು. ತಂಡ ಆ ಯಂತ್ರಕ್ಕಿಟ್ಟ ಹೆಸರೇ ‘ಅರೆಮುಳುಗು ಕಡಲಬೇನೆ ಯಂತ್ರ’ ಎಂಬರ್ಥದ್ದು. ಆದರೂ ಅವರು ಒಳಗಿಳಿಯುವುದನ್ನು ಬಿಡಲಿಲ್ಲ. ಕಿಟಕಿಯಾಚೆ ಡಾಲ್ಫಿನ್‌ಗಳು ತಮ್ಮ ಪಾಡಿಗೆ ತಾವಿರುವುದನ್ನು ಕಾಣುವ ಭಾಗ್ಯಕ್ಕೆ ಆ ಸಂಕಟ ಸಣ್ಣ ಬೆಲೆಯಾಗಿತ್ತು.

ಅಲ್ಲಿ ಕಂಡದ್ದು ನಿರೀಕ್ಷಿಸಿದ್ದಲ್ಲ. ಬೆಳಗ್ಗೆ ಕೊಲ್ಲಿಗೆ ನುಗ್ಗುವಾಗ ಹಿಂಡು ಚದುರಿರುತ್ತಿತ್ತು, ಗದ್ದಲ ಮಾಡುತ್ತಿತ್ತು, ಚಿಮ್ಮುತ್ತಿತ್ತು. ಸ್ವಲ್ಪ ಹೊತ್ತು ಕಳೆದಂತೆ ಚಿಮ್ಮುವುದು ಕಡಿಮೆಯಾಯಿತು. ಮೈಗೆ ಮೈ ತಾಗುವಷ್ಟು ಹತ್ತಿರ ಸರಿದು ಎಲ್ಲವೂ ಒಂದೇ ಗುಂಪಾದವು. ಬಿಳಿಮರಳಿನ ಮೇಲೆ ನಿಧಾನವಾಗಿ, ಗುಂಪಿಗೆ ಗುಂಪೇ ಒಟ್ಟಾಗಿ ಮುಳುಗಿ, ಕೆಲವು ನಿಮಿಷ ಕಳೆದು ಒಟ್ಟಾಗಿ ಮೇಲೆದ್ದು, ಉಸಿರೆಳೆದು, ಮತ್ತೆ ಮುಳುಗಿದವು. ಆಟವಿಲ್ಲ, ಬೇಟೆಯಿಲ್ಲ. ಎಲ್ಲಕ್ಕಿಂತ ಅಚ್ಚರಿಯ ಸಂಗತಿಯನ್ನು ಹಿಡಿದದ್ದು ನೀರಿಗಿಳಿಸಿದ ಹೈಡ್ರೋಫೋನ್, ಅಂದರೆ ನೀರೊಳಗಿನ ಶಬ್ದ ಆಲಿಸುವ ಉಪಕರಣ. ಶಬ್ದದಿಂದಲೇ ಜಗತ್ತನ್ನು ಕಾಣುವ ಪ್ರಾಣಿ ಎಂದು ನಾರಿಸ್ ಸ್ವತಃ ಸಾಧಿಸಿ ತೋರಿಸಿದ್ದರಲ್ಲ, ಆ ಡಾಲ್ಫಿನ್‌ಗಳು ಈಗ ಹೆಚ್ಚುಕಡಿಮೆ ಮೌನವಾಗಿದ್ದವು.

ಕಿವಿಯೇ ಕಣ್ಣಾಗಿರುವ ಪ್ರಾಣಿ, ಶಾರ್ಕ್‌ಗಳಿರುವ ಕಡಲಿನಲ್ಲಿ, ಆ ಕಣ್ಣನ್ನೇ ಮುಚ್ಚಿಕೊಂಡು ಗಂಟೆಗಟ್ಟಲೆ ಇರುವುದೇಕೆ?

ಮಧ್ಯಾಹ್ನ ಕಳೆದ ಮೇಲೆ ಇನ್ನೊಂದು ಒಗಟು ಎದುರಾಯಿತು. ಒಂದೊಂದಾಗಿ ಡಾಲ್ಫಿನ್‌ಗಳು ಮತ್ತೆ ಸಿಳ್ಳೆ ಹಾಕತೊಡಗಿದವು. ಹಿಂಡು ಕೊಲ್ಲಿಯ ಬಾಯಿಯತ್ತ ರಭಸದಿಂದ ಹೊರಟಿತು, ಅರ್ಧದಾರಿಯಲ್ಲಿ ತಿರುಗಿತು, ಸುಮ್ಮನಾಯಿತು, ಮತ್ತೆ ಹೊರಟಿತು. ಹೋಗೋಣವೋ ಬೇಡವೋ ಎಂಬ ಈ ಅತ್ತಿತ್ತ ಓಡಾಟ ಬಹಳ ಹೊತ್ತು ನಡೆಯಿತು. ಹಿಂಡಿನಲ್ಲಿ ಎಲ್ಲವೂ ಎಚ್ಚೆತ್ತಿವೆಯೆಂದು ಖಾತ್ರಿಯಾಗುವವರೆಗೆ ಒಂದೂ ಹೊರಕ್ಕೆ ಹೋಗುವುದಿಲ್ಲವೆಂದು ನಾರಿಸ್ ತರ್ಕಿಸಿದರು. ಕೊನೆಗೆ ಇಳಿಸಂಜೆಯಲ್ಲಿ ಹಿಂಡು ಒಮ್ಮೆಲೇ ಆಳದ ಕಡಲಿಗೆ ಹೊರಟುಹೋಯಿತು. 1970ರ ದಶಕದ ಕೊನೆಗೆ ನಾರಿಸ್ ದೊಡ್ಡ ತಂಡದೊಂದಿಗೆ ಕೆಲಸ ಮುಂದುವರಿಸಿದರು. ಬರ್ಂಡ್ ವೂರ್ಸಿಗ್, ರಾಂಡಲ್ ವೆಲ್ಸ್ ಮುಂತಾದವರು ಜೊತೆಗೂಡಿದರು. ಕೊಲ್ಲಿಯ ಮೇಲಿನ ಎತ್ತರದಿಂದ, ಭೂಮಾಪಕರು ಬಳಸುವ ಥಿಯೋಡೊಲೈಟ್‌ನಿಂದ ಹಿಂಡಿನ ಜಾಡನ್ನು ಗೆರೆಗೆರೆಯಾಗಿ ಗುರುತಿಸಿದರು. ಬೆನ್ನ ರೆಕ್ಕೆಯ ಗಾಯ, ಕಚ್ಚುಗಳಿಂದ ಒಂದೊಂದು ಡಾಲ್ಫಿನ್ನನ್ನೂ ಗುರುತು ಹಿಡಿಯುವುದು ಕಲಿತರು. ದಿನದಿನವೂ ಅದೇ ಲಯ: ಬೆಳಗ್ಗೆ ಒಳಕ್ಕೆ, ನಡುಹಗಲು ಮೌನ, ಸಂಜೆ ಹೊರಕ್ಕೆ.

ಹೊರಗೆ ಹೋಗಿ ಮಾಡುವುದೇನು? ಸುಳಿವು ಹೊಟ್ಟೆಯಲ್ಲಿ ಸಿಕ್ಕಿತು. ಸ್ಪಿನ್ನರ್‌ಗಳ ಜಠರದಲ್ಲಿ ಸಿಕ್ಕ ಮೀನು, ಬೊಂಡಾಸ್‌ಗಳು ದಂಡೆಯವಲ್ಲ, ಹಗಲು ಕತ್ತಲಿನ ಆಳದಲ್ಲಿ ಅಡಗುವ ಜಾತಿಯವು. 1945ರಲ್ಲಿ ಮಾರ್ಟಿನ್ ಜಾನ್ಸನ್ ಹಡಗಿನಿಂದ ಕಂಡಿದ್ದ, ಇರುಳಾದರೆ ಮೇಲೇರುವ ಆ ಸುಳ್ಳು ತಳವೇ ಸ್ಪಿನ್ನರ್‌ಗಳ ಊಟವಾಗಿತ್ತು.

ಕತ್ತಲಲ್ಲಿ ನಡೆಯುವ ಆ ಊಟವನ್ನು ನೋಡಲು ಮಾತ್ರ ಹೊಸ ಶತಮಾನವೇ ಬರಬೇಕಾಯಿತು. ಒವಾಹು ದ್ವೀಪದ ಪಶ್ಚಿಮ ದಂಡೆಯಾಚೆ ಕೆಲ್ಲಿ ಬೆನ್ವಾ-ಬರ್ಡ್ ಮತ್ತು ವಿಟ್ಲೋ ಔ ಎಂಬ ವಿಜ್ಞಾನಿಗಳು ರಾತ್ರಿಯೆಲ್ಲ ದೋಣಿಯಲ್ಲಿದ್ದು ಸೋನಾರ್‌ನಿಂದಲೇ ಡಾಲ್ಫಿನ್‌ಗಳನ್ನೂ ಅವುಗಳ ಬೇಟೆಯನ್ನೂ ಒಟ್ಟಿಗೆ ಹಿಂಬಾಲಿಸಿದರು. ಸಣ್ಣ ಜೀವಿಗಳ ಪದರ ಇರುಳಿನಲ್ಲಿ ಮೇಲಕ್ಕೆ ಬರುವುದಷ್ಟೇ ಅಲ್ಲ, ದಡದತ್ತಲೂ ಸರಿದು ನಡುರಾತ್ರಿ ಕಳೆದ ಮೇಲೆ ಹಿಂದಕ್ಕೆ ಹೋಗುತ್ತಿತ್ತು. ಡಾಲ್ಫಿನ್‌ಗಳು ಅದರ ಬೆನ್ನು ಬಿಡುತ್ತಿರಲಿಲ್ಲ. 2009ರಲ್ಲಿ ಪ್ರಕಟವಾದ ಅವರ ಲೇಖನದಲ್ಲಿ ಇನ್ನೂ ಬೆರಗಿನ ಚಿತ್ರವಿತ್ತು: 16ರಿಂದ 28 ಡಾಲ್ಫಿನ್‌ಗಳು ಜೋಡಿಜೋಡಿಯಾಗಿ ವೃತ್ತ ಕಟ್ಟಿ, ಬೇಟೆಯನ್ನು ಒತ್ತೊತ್ತಾಗಿ ಕೂಡಿಹಾಕಿ, ಸರದಿಯಂತೆ ಒಳನುಗ್ಗಿ ತಿನ್ನುತ್ತಿದ್ದವು. ಬೆರಳುದ್ದದ ಮೀನಿನಿಂದ ಹೊಟ್ಟೆ ತುಂಬಬೇಕಾದರೆ ನಿಮಿಷಕ್ಕೆ ಒಂದಕ್ಕಿಂತ ಹೆಚ್ಚು ಹಿಡಿಯಬೇಕು, ಅದೂ ಇಡೀ ರಾತ್ರಿ ಎಂದು ಬೆನ್ವಾ-ಬರ್ಡ್ ಲೆಕ್ಕ ಹಾಕಿದ್ದರು. ರಾತ್ರಿಪಾಳಿ ಮುಗಿಸಿ ಬಂದ ಕಾರ್ಮಿಕರಂತೆ ದಣಿದ ಮೈಯಲ್ಲಿ ಅವು ಬೆಳಗಿನ ಕೊಲ್ಲಿಗೆ ತಲುಪುತ್ತಿದ್ದವು.

ವಿಜ್ಞಾನಿಗಳು ಹೀಗೆ ಇರುಳಿನ ಕತೆ ಜೋಡಿಸುತ್ತಿದ್ದಾಗ ಹಗಲಿನ ಕೊಲ್ಲಿ ಬದಲಾಗಿಬಿಟ್ಟಿತ್ತು. ಮೊದಮೊದಲು ಒಬ್ಬಿಬ್ಬರು ದಡದಿಂದ ಈಜಿ ಬರುತ್ತಿದ್ದರು. ಆಮೇಲೆ ಕಯಾಕ್‌ಗಳು ಬಂದವು, ನಂತರ ಪ್ರವಾಸಿ ದೋಣಿಗಳು. ಕಾಡು ಡಾಲ್ಫಿನ್ ಜೊತೆ ಈಜುವುದು ವ್ಯಾಪಾರವಾಯಿತು. ನೀರಿಗಿಳಿದವರಲ್ಲಿ ಬಹುಪಾಲು ಜನರಿಗೆ ಡಾಲ್ಫಿನ್ ಮೇಲೆ ನಿಜವಾದ ಪ್ರೀತಿಯಿತ್ತು. ಒಂದು ಕಾಡುಜೀವ ಪಕ್ಕದಲ್ಲಿ ತೇಲುತ್ತ ಕಣ್ಣಿನಲ್ಲಿ ಕಣ್ಣಿಟ್ಟು ನೋಡಿದ ಗಳಿಗೆಯನ್ನು ಯಾರು ತಾನೆ ಮರೆತಾರು? ಹೋಗಿ ಬಂದವರು ಇತರರಿಗೆ ಹೇಳಿದರು, ಇತರರೂ ಬಂದರು. ಹಿಂಡು ಒಟ್ಟಾಗಿ ಮುಳುಗುವಾಗ ಅವರೂ ಮುಳುಗಿದರು, ಅದು ತಿರುಗಿದಾಗ ಅವರೂ ತಿರುಗಿದರು. ನಡುಹಗಲಿನಲ್ಲಿ ಡಾಲ್ಫಿನ್ ಚಿಮ್ಮಿದರೆ ದೋಣಿಗಳಲ್ಲಿ ಚಪ್ಪಾಳೆ.

ಇದರಿಂದ ಡಾಲ್ಫಿನ್‌ಗಳಿಗೆ ಏನಾಗುತ್ತಿದೆ? ಹಾನಿಯಿದೆ ಎನ್ನುವವರಿದ್ದರು, ಅವು ತಾವಾಗಿಯೇ ಬರುತ್ತವಲ್ಲ ಎನ್ನುವವರೂ ಇದ್ದರು. ಜಗಳ ಬಗೆಹರಿಸಲು 2010ರಲ್ಲಿ ಡೇವಿಡ್ ಜಾನ್ಸ್ಟನ್, ಲಾರ್ಸ್ ಬೈಡರ್, ಜೂಲಿಯನ್ ಟೈನ್ ಮುಂತಾದ ವಿಜ್ಞಾನಿಗಳು ದೊಡ್ಡ ಅಧ್ಯಯನ ಕೈಗೊಂಡರು. ಕೆಯಾಲಕೆಕುವಾ ಸೇರಿ ನಾಲ್ಕು ಕೊಲ್ಲಿಗಳಲ್ಲಿ ದೋಣಿಯಿಂದ ಹಿಂಬಾಲಿಸಿದರು, ದಡದ ಎತ್ತರದಿಂದ ಅಳೆದರು, ನೀರಿನಲ್ಲಿ ಧ್ವನಿಮುದ್ರಕ ಇರಿಸಿದರು. ಲೆಕ್ಕಾಚಾರ ಸರಳವೆನಿಸಿತ್ತು: ಜನರಿರುವಾಗ ಡಾಲ್ಫಿನ್ ಹೇಗಿರುತ್ತದೆ, ಜನರಿಲ್ಲದಾಗ ಹೇಗಿರುತ್ತದೆ, ಎರಡನ್ನೂ ಹೋಲಿಸಿದರಾಯಿತು.

ಆ ಹೋಲಿಕೆ ಮುರಿದು ಬಿತ್ತು. ಜನರಿಲ್ಲದ ಹೊತ್ತೇ ಸಾಕಷ್ಟು ಸಿಗಲಿಲ್ಲ! ಹಗಲಿನ ಶೇ. 82ಕ್ಕೂ ಹೆಚ್ಚು ಕಾಲ 100 ಮೀಟರ್ ಒಳಗೆ ಈಜುಗಾರರೋ ದೋಣಿಯೋ ಇದ್ದೇ ಇರುತ್ತಿತ್ತು. ಒಂದು ಗಲಾಟೆಗೂ ಮುಂದಿನದಕ್ಕೂ ನಡುವೆ ಸಿಗುತ್ತಿದ್ದ ಬಿಡುವಿನ ಮಧ್ಯಾಂಕ ಕೇವಲ 10 ನಿಮಿಷ. ಅಂಕಿಅಂಶ ಶಾಸ್ತ್ರದ ಕಣ್ಣಿನಲ್ಲಿ ಇದು ಸೋಲು. ಹೋಲಿಕೆಗೆ ಆಧಾರವೇ ಇಲ್ಲ. ಆದರೆ ಹುಡುಕುತ್ತಿದ್ದ ಉತ್ತರ ಆ ಸೋಲಿನ ಒಳಗೇ ಕೂತಿತ್ತು. ತೊಂದರೆಯಿಲ್ಲದ ಹಗಲು ಎಂಬುದೇ ಆ ಡಾಲ್ಫಿನ್‌ಗಳ ಬದುಕಿನಲ್ಲಿ ಉಳಿದಿರಲಿಲ್ಲ. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯೂ ಹೊರಬಿತ್ತು: ಅವು ವಿಶ್ರಮಿಸುವುದು ಮುಖ್ಯವಾಗಿ ಬೆಳಗ್ಗೆ 10ರಿಂದ ಮಧ್ಯಾಹ್ನ 2ರ ನಡುವೆ, ಮತ್ತು ಕೊಲ್ಲಿಯಿಂದ ಹೊರಗೆ ಹೋದರೆ ವಿಶ್ರಾಂತಿ ಪಡೆಯುವ ಸಂಭವ ತೀರ ಕಡಿಮೆ. ಇಲ್ಲಿ ತಪ್ಪಿದ್ದನ್ನು ಬೇರೆಡೆ ತುಂಬಿಕೊಳ್ಳಲು ಜಾಗವಿರಲಿಲ್ಲ.

ಈಗ ತುಂಡುಗಳೆಲ್ಲ ಕೂಡಿಕೊಂಡವು. ಬಾಟಲ್‌ನೋಸ್ ಡಾಲ್ಫಿನ್‌ಗಳು ಮಿದುಳಿನ ಅರ್ಧಭಾಗ ಎಚ್ಚರವಿಟ್ಟು ಇನ್ನರ್ಧದಲ್ಲಿ ನಿದ್ರಿಸುತ್ತವೆಂದು ಸೋವಿಯತ್ ವಿಜ್ಞಾನಿ ಲೆವ್ ಮುಖಾಮೆಟೋವ್ ಮತ್ತು ಸಂಗಡಿಗರು 1977ರಲ್ಲೇ ತೋರಿಸಿದ್ದರು. ತೇಲುತ್ತ, ಉಸಿರಾಡುತ್ತ, ಈಜುತ್ತ ನಿದ್ರಿಸುವುದು ಡಾಲ್ಫಿನ್‌ಗೆ ಸಾಧ್ಯ. ಸ್ಪಿನ್ನರ್ ವಿಶ್ರಮಿಸುವಾಗ ಶಬ್ದದ ಕಾವಲನ್ನು ಬಹುಪಾಲು ನಿಲ್ಲಿಸುತ್ತದೆ. ಆಗ ಉಳಿಯುವುದು ಬರಿಗಣ್ಣು, ಮತ್ತು ಪಕ್ಕದ ಸಂಗಾತಿಗಳ ಅಲುಗಾಟ. ಒಂದು ಬೆಚ್ಚಿದರೆ ಗುಂಪೆಲ್ಲ ಬೆಚ್ಚುತ್ತದೆ. ಬಿಳಿಮರಳಿನ ಮೇಲೆ ತಿಳಿನೀರಿನಲ್ಲಿ ಶಾರ್ಕ್‌ನ ಕಪ್ಪು ಆಕಾರ ದೂರದಿಂದಲೇ ಕಾಣುತ್ತದೆ. ಮಲಗಲು ಅವು ಈ ಕೊಲ್ಲಿಗಳನ್ನೇ ಆರಿಸಿಕೊಂಡದ್ದು ಅದಕ್ಕೆ ಎಂಬುದು ನಾರಿಸ್ ತಂಡದ ವಿವರಣೆ. ಮನುಷ್ಯರು ಗೆಳೆತನವೆಂದು ತಿಳಿದದ್ದು ಮಲಗುವ ಕೋಣೆಗೆ ಬರುವ ದಾರಿಯಾಗಿತ್ತು.

ನಾರಿಸ್ 1998ರಲ್ಲಿ ತೀರಿಕೊಂಡರು. ಡಾಲ್ಫಿನ್‌ಗಳ ಈ ವಿಶ್ರಾಂತಿಯನ್ನು ಕಾಪಾಡಲು ಅಮೆರಿಕದ ಸಾಗರ ಇಲಾಖೆ ಹೊರಡಿಸಿದ ನಿಯಮ ಅವರ ನಂತರ, 2021ರ ಅಕ್ಟೋಬರ್ 28ರಂದು ಜಾರಿಗೆ ಬಂತು. ಹವಾಯಿಯ ಮುಖ್ಯ ದ್ವೀಪಗಳ ದಡದಿಂದ 2 ನಾಟಿಕಲ್ ಮೈಲಿಯೊಳಗೆ ಸ್ಪಿನ್ನರ್ ಡಾಲ್ಫಿನ್‌ನ 50 ಗಜ, ಅಂದರೆ ಸುಮಾರು 45 ಮೀಟರ್ ಸಮೀಪಕ್ಕೆ ಯಾರೂ ಈಜಿ ಹೋಗುವಂತಿಲ್ಲ, ದೋಣಿ ತರುವಂತಿಲ್ಲ. ಡಾಲ್ಫಿನ್ ತಾನಾಗಿಯೇ ಹತ್ತಿರ ಬಂದರೆ, ಈಜುಗಾರರೇ ಕೂಡಲೇ ದೂರ ಸರಿಯಬೇಕು.